ದೀಪವನ್ನು ಬರೆದ ಕೈ

ಸುತ್ತೂರು ಜಾತ್ರೆ ಮುಗಿದ ಮರುದಿನ ಒಂದು ಬಸ್ಸಿನ ತುಂಬ ಭಕ್ತ ಕುಟುಂಬಗಳೊಡನೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗುವ ಸಂದರ್ಭವು ನಮಗೊಮ್ಮೆ ಒದಗಿತು. ಅಂದು ನಮ್ಮಿಂದಾದ ಒಂದು ತಪ್ಪನ್ನು ಓದುಗರ ಮುಂದೆ ಅರಿಕೆ ಮಾಡಿಕೊಳ್ಳಬೇಕಾಗಿದೆ.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1861ರಲ್ಲಿ, ಕಟ್ಟಿದ ಅರಮನೆ ಇದು. 1897ರಲ್ಲಿ ಹಳೆಯ ಮರದ ಅರಮನೆಯು ಅಗ್ನಿಗೆ ಆಹುತಿಯಾದಾಗ ರಾಜಪರಿವಾರಕ್ಕೆ ನೆರಳಾದದ್ದು ಇದೇ. 1915ರಲ್ಲಿ ಇಲ್ಲಿ ಚಿತ್ರಶಾಲೆಯು ನೆಲೆಗೊಂಡಿತು. 1955ರಲ್ಲಿ ಅದಕ್ಕೆ ಜಯಚಾಮರಾಜೇಂದ್ರ ಒಡೆಯರ ಹೆಸರು ಬಂದಿತು. ಗೋಡೆಯ ಮೇಲಿನ ದಸರಾ ಮೆರವಣಿಗೆಯನ್ನೂ ರಾಜವಂಶಾವಳಿಯನ್ನೂ ನೋಡುತ್ತ, ರವಿವರ್ಮರ ಪೌರಾಣಿಕ ಚಿತ್ರಗಳ ಮುಂದೆ ತಾಯಂದಿರು ಕೈಮುಗಿಯುತ್ತ, ನಾವೆಲ್ಲ ದೀಪ ಹಿಡಿದ ಮಹಿಳೆಯ ಚಿತ್ರದೆದುರು ಬಂದು ನಿಂತೆವು.

ಎಂತಹ ಚಿತ್ರವದು! ಒಂದು ಕೈಯಲ್ಲಿ ದೀಪ, ಗಾಳಿಗೆ ಆರದಂತೆ ಮರೆಯಾಗಿ ಹಿಡಿದ ಇನ್ನೊಂದು ಕೈ. ಆ ಕೈಯ ಬೆರಳುಗಳ ಸಂದಿನಲ್ಲಿ ಬೆಳಕು ಕೆಂಪಾಗಿ ತೂರಿ ಬಂದು ಮುಖವನ್ನು ತಾಕುತ್ತದೆ. ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿ ದೃಷ್ಟಿ ನೆಡುವವರಿಗೆ ಆ ನಿಲುವು ಅಪರಿಚಿತವೆನಿಸದು. ನಾವು ಉತ್ಸಾಹಗೊಂಡು, ರವಿವರ್ಮರ ಕುಂಚದ ಮಹಿಮೆಯನ್ನು ಕುರಿತು ಹತ್ತು ನಿಮಿಷ ಮಾತನಾಡಿಬಿಟ್ಟೆವು. ಎಲ್ಲರೂ ತಲೆದೂಗಿದರು. ಪದವಿ ತರಗತಿಯ ಹುಡುಗಿಯೊಬ್ಬಳು ಮಾತ್ರ ಸಂಕೋಚದಿಂದ, "ಗುರುಗಳೇ, ಇಲ್ಲಿ ಬೇರೆ ಹೆಸರಿದೆಯಲ್ಲ?" ಎಂದಳು.

ಇದ್ದದ್ದು ಎಸ್. ಎಲ್. ಹಲ್ದಂಕರ್ ಎಂಬ ಹೆಸರು. ಸಾವಂತವಾಡಿಯಲ್ಲಿ ಹುಟ್ಟಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತ ಚಿತ್ರಕಾರರು ಅವರು. ತಮ್ಮ ಮಗಳನ್ನೇ ದೀಪ ಹಿಡಿಸಿ ನಿಲ್ಲಿಸಿಕೊಂಡು 1940ರ ದಶಕದ ನಡುವಿನಲ್ಲಿ ಇದನ್ನು ಬರೆದರು. ರವಿವರ್ಮರು ತೀರಿಕೊಂಡದ್ದು 1906ರಲ್ಲಿ! ರವಿವರ್ಮರ ಖ್ಯಾತಿ ತೈಲವರ್ಣದ್ದು. ಇದೋ ಜಲವರ್ಣದ ಚಿತ್ರ. ಎಣ್ಣೆಬಣ್ಣದಲ್ಲಿ ತಪ್ಪಿದರೆ ಮೇಲೆ ಇನ್ನೊಂದು ಪದರ ಬಳಿಯಬಹುದು. ನೀರುಬಣ್ಣದಲ್ಲಿ ಬೆಳಕೆಂದರೆ ಕಾಗದದ ಬಿಳುಪೇ. ಒಮ್ಮೆ ಕತ್ತಲೆ ಹರಿದರೆ ಅದನ್ನು ಮರಳಿ ಪಡೆಯುವುದು ಬಲು ಕಷ್ಟ. ಆ ದೀಪದ ಸುತ್ತ ಕಲಾವಿದನು ಎಷ್ಟು ಎಚ್ಚರದಿಂದ ಕುಂಚವಾಡಿಸಿರಬೇಕೆಂಬುದನ್ನು ಆ ಮೇಲೆ ಮತ್ತೆ ನೋಡಿ ತಿಳಿದೆವು.

ನಮ್ಮಂತೆ ತಪ್ಪಿದವರು ಬಹು ಮಂದಿ. ರವಿವರ್ಮರ ಅಚ್ಚುಚಿತ್ರಗಳು ನಮ್ಮ ಹಿರಿಯರ ದೇವರ ಕೋಣೆಗಳನ್ನೆಲ್ಲ ಹೊಕ್ಕಿದ್ದರಿಂದ, ಅಂದವಾದ ಚಿತ್ರವೆಲ್ಲ ಅವರದೇ ಎಂಬ ರೂಢಿ ಬೆಳೆಯಿತು. ಆದರೆ ನಮಗೆ ಆ ನೆಪ ಸಲ್ಲದು. ವಚನಗಳ ಓಲೆಗರಿಗಳೊಡನೆ ಆಯುಷ್ಯ ಸವೆಸಿದವರು ನಾವು. ಒಬ್ಬ ಶರಣರ ವಚನಕ್ಕೆ ಇನ್ನೊಬ್ಬರ ಅಂಕಿತ ಅಂಟಿಕೊಂಡಿದ್ದರೆ ಶಿಷ್ಯರ ಮೇಲೆ ಸಿಡುಕುತ್ತೇವೆ. ದೋಣಿ ನಡೆಸಿದ ಚೌಡಯ್ಯನವರು ತಮ್ಮ ಕಾಯಕದ ಹೆಸರನ್ನೇ ಅಂಕಿತವಾಗಿಸಿಕೊಂಡರೆಂದು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅಂತಹ ನಾವೇ ಒಬ್ಬ ಕಾಯಕಜೀವಿಯ ದುಡಿಮೆಯನ್ನು ಎತ್ತಿ, ಅದರ ಅಗತ್ಯವೇ ಇಲ್ಲದ ಹಿರಿಯ ಹೆಸರಿಗೆ ಬರೆದುಕೊಟ್ಟಿದ್ದೆವು!

ಬಸ್ಸು ಹತ್ತಿದ ಮೇಲೆ, ಮೊದಲು ಹೇಳಿದ್ದು ತಪ್ಪೆಂದು ಎಲ್ಲರಿಗೂ ತಿಳಿಸಿದೆವು. "ಚಿತ್ರ ಚೆನ್ನಾಗಿತ್ತಲ್ಲ, ಯಾರದಾದರೇನು ಬುದ್ಧಿ?" ಎಂದರು ಒಬ್ಬ ಹಿರಿಯರು. ಆ ಹುಡುಗಿಯು ಕಿಟಕಿಯತ್ತ ಮುಖ ತಿರುಗಿಸಿ ನಕ್ಕಳು.

ನಮ್ಮ ಓದುವ ಕೋಣೆಯಲ್ಲಿ ಅದೇ ಚಿತ್ರದ ಪ್ರತಿಯೊಂದು ಚೌಕಟ್ಟಿನಲ್ಲಿ ತೂಗುತ್ತಿದ್ದಿತು. ಕೆಳಗೆ 'ರವಿವರ್ಮ' ಎಂದು ಮಸಿಯಲ್ಲಿ ಬರೆದವರು ನಾವೇ. ಊರು ಸೇರಿದ ರಾತ್ರಿಯೇ ಗಾಜು ತೆಗೆಸಿ, ಆ ಹೆಸರಿನ ಮೇಲೆ ಕಾಗದದ ಚೂರೊಂದನ್ನು ಅಂಟಿಸಿ, 'ಹಲ್ದಂಕರ್' ಎಂದು ಬರೆದೆವು.