ಸೊನ್ನದ ಪಂಪಿಗೂ ಬೇಕು ಯುರೋಪಿನ ಈ ಒಪ್ಪಂದ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಭೀಮಾ ನದಿಗೆ ಬ್ಯಾರೇಜ್ ಕಟ್ಟಿದ್ದಾರೆ. ಭೀಮಾ ಏತ ನೀರಾವರಿ ಯೋಜನೆಗೆ ಆಧಾರ ಅಲ್ಲಿ ನಿಲ್ಲುವ ನೀರು. ಪಂಪುಗಳು ಅದನ್ನು ಮೇಲೆತ್ತಿದರೆ ಮಾತ್ರ ಹೊಲಕ್ಕೆ ನೀರು.

ಯಾವುದೇ ಏತ ನೀರಾವರಿಗೆ ದೊಡ್ಡ ಪರೀಕ್ಷೆ ಎದುರಾಗುವುದು ಕರೆಂಟು ಹಠಾತ್ತನೆ ಹೋದಾಗ. ಮೋಟಾರು ನಿಲ್ಲುತ್ತದೆ, ಕೊಳವೆಯಲ್ಲಿ ಏರುತ್ತಿದ್ದ ನೀರು ಹಿಂದಕ್ಕೆ ತಿರುಗುತ್ತದೆ, ವಾಲ್ವು ಬಡಿದು ಮುಚ್ಚಿಕೊಳ್ಳುತ್ತದೆ. ಆಗ ಹುಟ್ಟುವ ಒತ್ತಡದ ಅಲೆ ಉಕ್ಕಿನ ಕೊಳವೆಯಲ್ಲಿ ಸೆಕೆಂಡಿಗೆ ಸುಮಾರು 1,000 ಮೀಟರ್ ವೇಗದಲ್ಲಿ ಓಡುತ್ತದೆ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿಯುತ್ತಿದ್ದ ನೀರನ್ನು ಒಮ್ಮೆಲೇ ತಡೆದರೆ ಒತ್ತಡ ಸುಮಾರು 100 ಮೀಟರ್ ಎತ್ತರದ ನೀರಿನ ಭಾರದಷ್ಟು ಹೆಚ್ಚುತ್ತದೆ. ವಾಟರ್ ಹ್ಯಾಮರ್ ಎಂಬ ಈ ಹೊಡೆತಕ್ಕೆ ಕೊಳವೆ ಸೀಳಬಹುದು, ಪಂಪು ಕೆಡಬಹುದು.

ಯಂತ್ರ ಕೂರಿಸುವ ಮೊದಲೇ ಇದನ್ನು ಲೆಕ್ಕಹಾಕಿ ನೋಡಬೇಕು. ತೊಡಕಿರುವುದು ಅಲ್ಲೇ. ಇಂಥ ಯೋಜನೆಗಳಲ್ಲಿ ಮೋಟಾರು ಒಂದು ಕಂಪನಿಯದು, ಪಂಪು ಇನ್ನೊಂದರದು, ವಾಲ್ವು ಮತ್ತೊಂದರದು ಆಗಿರುವುದುಂಟು. ತಮ್ಮ ಯಂತ್ರ ಹೇಗೆ ವರ್ತಿಸುತ್ತದೆ ಎಂಬುದರ ಗಣಿತ ಮಾದರಿ ಒಬ್ಬೊಬ್ಬರ ಬಳಿಯೂ ಇರಬಹುದು. ಆದರೆ ಒಬ್ಬರ ಸಾಫ್ಟ್‌ವೇರಿನಲ್ಲಿ ಬರೆದ ಮಾದರಿ ಇನ್ನೊಬ್ಬರದರಲ್ಲಿ ತೆರೆಯುವುದಿಲ್ಲ. ಒಳಗಿನ ಸೂತ್ರಗಳು ವ್ಯಾಪಾರದ ಗುಟ್ಟಾದ್ದರಿಂದ ಬಿಚ್ಚಿ ಕೊಡಲು ಯಾರಿಗೂ ಮನಸ್ಸಿಲ್ಲ. ಹೀಗಾಗಿ ಬಿಡಿಭಾಗಗಳೆಲ್ಲ ಪರೀಕ್ಷೆಯಲ್ಲಿ ಪಾಸಾಗಿ, ಕೂಡಿ ಓಡುವಾಗ ಎಡವಟ್ಟಾಗುವ ಸಂಭವ ಉಳಿದೇ ಇರುತ್ತದೆ.

ಇದೇ ತೊಡಕು ಯುರೋಪಿನ ಕಾರು ತಯಾರಕರನ್ನೂ ಕಾಡಿತ್ತು. ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಬೇರೆಬೇರೆ ಕಡೆಯಿಂದ ಬರುತ್ತವೆ. ಅವುಗಳ ಮಾದರಿಗಳನ್ನು ಕೂಡಿಸಿ ಓಡಿಸುವ ದಾರಿ ಬೇಕೆಂದು ಜರ್ಮನಿಯ ಡೈಮ್ಲರ್ ಕಂಪನಿ ಮುಂದಾಯಿತು. 2008ರಲ್ಲಿ ಮಾಡೆಲಿಸಾರ್ ಎಂಬ ಸಂಶೋಧನಾ ಯೋಜನೆ ಶುರುವಾಯಿತು. ಅದು ಯುರೇಕಾ ಸಹಕಾರ ಜಾಲದ ಇಟಿಯಾ ಎಂಬ ಸಾಫ್ಟ್‌ವೇರ್ ಕಾರ್ಯಕ್ರಮದ ಭಾಗ. ಇಲ್ಲಿ ಪ್ರತಿ ದೇಶವೂ ತನ್ನ ಪಾಲುದಾರರಿಗೆ ತಾನೇ ನೆರವು ಕೊಡುತ್ತದೆ, ಕಂಪನಿಗಳೂ ಸ್ವಂತ ಹಣ ಹಾಕುತ್ತವೆ.

ಯೋಜನೆಯ ಸಂಯೋಜನೆಯ ಹೊಣೆ ಹೊತ್ತದ್ದು ಫ್ರಾನ್ಸಿನ ದಸೊ ಸಿಸ್ಟಮ್ಸ್. ವಿಮಾನ, ಕಾರು, ಕಾರ್ಖಾನೆಗಳ ವಿನ್ಯಾಸಕ್ಕೆ ಸಾಫ್ಟ್‌ವೇರ್ ಮಾಡುವ ಈ ಕಂಪನಿ 2006ರಲ್ಲಿ ಸ್ವೀಡನ್ನಿನ ಲುಂಡ್ ಊರಿನ ಡೈನಾಸಿಮ್ ಎಂಬ ಸಣ್ಣ ಕಂಪನಿಯನ್ನು ಕೊಂಡಿತ್ತು. ಅದರ ಸ್ಥಾಪಕ ಹಿಲ್ಡಿಂಗ್ ಎಲ್ಮ್‌ಕ್ವಿಸ್ಟ್ 1978ರಷ್ಟು ಹಿಂದೆಯೇ ಯಂತ್ರಗಳ ವರ್ತನೆಯನ್ನು ಸಮೀಕರಣಗಳಲ್ಲೇ ಬರೆಯುವ ಭಾಷೆಯೊಂದನ್ನು ಪಿಎಚ್.ಡಿ. ಪ್ರಬಂಧದಲ್ಲಿ ರೂಪಿಸಿದ್ದರು. ಅದೇ ದಾರಿಯಲ್ಲಿ 1996ರಲ್ಲಿ ಹಲವರು ಕೂಡಿ ಮಾಡೆಲಿಕಾ ಎಂಬ ಮುಕ್ತ ಭಾಷೆಯ ಕೆಲಸ ಆರಂಭಿಸಿದರು.

ಮಾಡೆಲಿಸಾರ್‌ನಲ್ಲಿ ಡ್ರೆಸ್ಡೆನ್ನಿನ ಐಟಿಐ, ಬೆಲ್ಜಿಯಂ ಮೂಲದ ಎಲ್‌ಎಂಎಸ್‌ನಂಥ ಸಾಫ್ಟ್‌ವೇರ್ ಕಂಪನಿಗಳೂ ಇದ್ದವು. ಮಾರುಕಟ್ಟೆಯಲ್ಲಿ ಇವರೆಲ್ಲ ಎದುರಾಳಿಗಳು. ಇಲ್ಲಿ ಕೂಡಿ ಕೂತು ನಿಯಮ ಬರೆದರು, ಅದನ್ನು ತಮ್ಮತಮ್ಮ ಸಾಫ್ಟ್‌ವೇರಿಗೆ ಅಳವಡಿಸಿದರು. 2010ರಲ್ಲಿ ಎಫ್‌ಎಂಐ ಎಂಬ ಮಾನದಂಡದ ಮೊದಲ ಆವೃತ್ತಿ ಹೊರಬಂತು.

ಎಫ್‌ಎಂಐ ಹೇಳುವುದು ಸರಳ. ಮಾದರಿಯನ್ನು ಒಂದು ಜಿಪ್ ಕಡತದಲ್ಲಿ ಕಟ್ಟಿ ಕೊಡಿ. ಅದರಲ್ಲಿ ಎರಡು ಮುಖ್ಯ ವಸ್ತುಗಳಿರಲಿ. ಒಂದು, ಯಾವ ಮೌಲ್ಯ ಒಳಗೆ ಬರಬೇಕು, ಯಾವುದು ಹೊರಗೆ ಹೋಗುತ್ತದೆ, ಅವುಗಳ ಅಳತೆಯ ಮಾನ ಯಾವುದು ಎಂದು ತಿಳಿಸುವ ಎಕ್ಸ್‌ಎಂಎಲ್ ವಿವರಪಟ್ಟಿ. ಇನ್ನೊಂದು, ಲೆಕ್ಕ ಮಾಡುವ ಪ್ರೋಗ್ರಾಂ. ಅದು ಕಂಪ್ಯೂಟರಿಗಷ್ಟೇ ಅರ್ಥವಾಗುವ ರೂಪದಲ್ಲಿದ್ದರೂ ಸಾಕು. ಪಂಪಿನ ಕಂಪನಿ ತನ್ನ ಸೂತ್ರ ಬಿಟ್ಟುಕೊಡದೆಯೇ ಪಂಪಿನ ವರ್ತನೆಯನ್ನು ಕೊಟ್ಟಂತಾಯಿತು.

ಇಂಥ ಕಡತಗಳನ್ನು ಜೋಡಿಸಿ ಓಡಿಸುವುದು ಕೋಲಾಟದಂತೆ: ಹೆಜ್ಜೆ ಅವರವರದು, ಕೋಲು ಕೂಡುವುದು ತಾಳಕ್ಕೆ. ಒಂದು ಮುಖ್ಯ ಪ್ರೋಗ್ರಾಂ ಎಲ್ಲ ಮಾದರಿಗಳಿಗೂ ‘ಸೆಕೆಂಡಿನ ಇಷ್ಟು ಭಾಗ ಮುಂದೆ ಹೋಗಿ’ ಎನ್ನುತ್ತದೆ. ಅವು ತಮ್ಮ ಲೆಕ್ಕ ಮುಗಿಸಿ ನಿಲ್ಲುತ್ತವೆ. ಪಂಪು ಒತ್ತಡವನ್ನು ಹೇಳುತ್ತದೆ, ಕೊಳವೆ ಹರಿವನ್ನು ಹೇಳುತ್ತದೆ, ಮತ್ತೆ ಮುಂದಿನ ಹೆಜ್ಜೆ.

ಈ ಹೆಜ್ಜೆಯ ಅಳತೆಯಲ್ಲೇ ವಿಜ್ಞಾನವಿದೆ. ಎರಡು ಹೆಜ್ಜೆಗಳ ನಡುವೆ ಪಂಪಿಗೆ ಗೊತ್ತಿರುವುದು ಕೊಳವೆಯ ಹಳೆಯ ಸುದ್ದಿ ಮಾತ್ರ. 2 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಒತ್ತಡದ ಅಲೆ ಹೋಗಿ ಮರಳಲು ಸುಮಾರು 4 ಸೆಕೆಂಡು ಸಾಕು. ಹೆಜ್ಜೆ ದೊಡ್ಡದಾದರೆ ಆ ಅಲೆಯೇ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ, ಇಲ್ಲವೇ ತಪ್ಪು ಬೆಳೆಯುತ್ತ ಉತ್ತರವೇ ಕೆಡುತ್ತದೆ. ತೀರ ಸಣ್ಣದಾದರೆ ಲೆಕ್ಕ ಮುಗಿಯುವುದೇ ಇಲ್ಲ. ಅದಕ್ಕೆಂದೇ 2014ರ ಎರಡನೇ ಆವೃತ್ತಿಯಲ್ಲಿ, ಹೆಜ್ಜೆ ತಪ್ಪಾದರೆ ಹಿಂದಿನ ಸ್ಥಿತಿಗೆ ಮರಳಿ ಸಣ್ಣ ಹೆಜ್ಜೆಯಲ್ಲಿ ಮತ್ತೆ ಸಾಗುವ ಅನುಕೂಲ ಸೇರಿತು. ಮೂರನೇ ಆವೃತ್ತಿ 2022ರಲ್ಲಿ ಬಂತು. ಇಂದು 150ಕ್ಕೂ ಹೆಚ್ಚು ಸಾಫ್ಟ್‌ವೇರುಗಳು ಎಫ್‌ಎಂಐಗೆ ಒಗ್ಗುತ್ತವೆ.

ಗುಟ್ಟು ಕಾಪಾಡಿಕೊಂಡು ಬದುಕುವ ಕಂಪನಿಗಳು ಎದುರಾಳಿಗಳ ಜೊತೆ ಏಕೆ ಕೂತವು? ಗ್ರಾಹಕರಿಗೆ ಬೇಕಿದ್ದದ್ದು ಕೂಡಿ ಓಡುವ ಮಾದರಿ; ಅದನ್ನು ಯಾವ ಕಂಪನಿಯೂ ಒಂಟಿಯಾಗಿ ಕೊಡಲಾರದು. ಸಂಶೋಧನಾ ಯೋಜನೆ ಕಂಪನಿಗಳಿಗೆ ಹಣದ ಜೊತೆಗೆ ಎಲ್ಲರೂ ಸಮವಾಗಿ ಕೂರುವ ಜಾಗವನ್ನೂ ಕೊಟ್ಟಿತು. ಯೋಜನೆ 2011ರಲ್ಲಿ ಮುಗಿದ ಮೇಲೆ ಮಾನದಂಡವನ್ನು ಲಾಭದ ಉದ್ದೇಶವಿಲ್ಲದ ಮಾಡೆಲಿಕಾ ಸಂಘ ವಹಿಸಿಕೊಂಡಿತು. ಅದು ಯಾರ ಸೊತ್ತೂ ಆಗಲಿಲ್ಲ, ಆದ್ದರಿಂದಲೇ ಉಳಿಯಿತು. ಒಂದು ಸಾಫ್ಟ್‌ವೇರ್ ಕಂಪನಿ ಸಮಾಜಕ್ಕೆ ಕೊಡಬಹುದಾದ ದೊಡ್ಡ ಕೊಡುಗೆ ಇಂಥ ಒಪ್ಪಂದ ಎಂದು ನಾನು ನಂಬುತ್ತೇನೆ.

ನಮಗೆ ಇದು ದೂರದ ಸಂಗತಿಯಲ್ಲ. ದಸೊ, ಬಾಷ್, ಸೀಮೆನ್ಸ್, ಮರ್ಸಿಡಿಸ್ ಬೆಂಜ್ ಕಂಪನಿಗಳ ಎಂಜಿನಿಯರುಗಳು ಬೆಂಗಳೂರಿನಲ್ಲೂ ಕೆಲಸ ಮಾಡುತ್ತಾರೆ. ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಓಪನ್ ಮಾಡೆಲಿಕಾ ಉಚಿತವಾಗಿ ಸಿಗುತ್ತದೆ. ಬಾಂಬೆ ಐಐಟಿಯ ಫಾಸಿ ಯೋಜನೆ ಅದನ್ನು ದೇಶದ ಕಾಲೇಜುಗಳಿಗೆ ಕಲಿಸುತ್ತಿದೆ. ಕಲಬುರಗಿಯಲ್ಲಿ 1958ರಿಂದ ಪಿಡಿಎ ಎಂಜಿನಿಯರಿಂಗ್ ಕಾಲೇಜಿದೆ, ಕರ್ನಾಟಕ ಜರ್ಮನ್ ತಾಂತ್ರಿಕ ತರಬೇತಿ ಸಂಸ್ಥೆಯೂ ಇದೆ. ಭೀಮೆಯ ದಂಡೆಯ ಪಂಪ್‌ಹೌಸನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಕರೆಂಟು ತೆಗೆದು ನೋಡುವ ಪ್ರಯೋಗವನ್ನು ಅಲ್ಲಿನ ವಿದ್ಯಾರ್ಥಿಗಳು ಇಂದೇ ಶುರುಮಾಡಬಹುದು.

ಸರ್ಕಾರದಿಂದ ಆಗಬೇಕಾದ್ದೂ ಒಂದಿದೆ. ಏತ ನೀರಾವರಿಗೆ ಪಂಪು, ಮೋಟಾರು, ವಾಲ್ವು ಕೊಳ್ಳುವ ಟೆಂಡರಿನಲ್ಲಿ ಒಂದು ಷರತ್ತು ಸೇರಲಿ: ಯಂತ್ರದ ಜೊತೆ ಅದರ ಎಫ್‌ಎಂಐ ಮಾದರಿಯನ್ನೂ ಒಪ್ಪಿಸಬೇಕು. ಡೈಮ್ಲರ್ ಬಯಸಿದ್ದು ಇಷ್ಟನ್ನೇ. ಕೊಳ್ಳುವವರು ಕೇಳಿದರೆ ಮಾರುವವರು ಕೊಡುತ್ತಾರೆ. ಕೊಳವೆ ಒಡೆಯುವುದಾದರೆ ಕಂಪ್ಯೂಟರಿನಲ್ಲಿ ಒಡೆಯಲಿ. ರೈತರ ಬೆಳೆ ಒಣಗುವ ಹೊತ್ತಿನಲ್ಲಿ ಅಲ್ಲ.