1892ರ ಅಲೆಗೇನಿ ಅಥ್ಲೆಟಿಕ್ ಅಸೋಸಿಯೇಷನ್ ಫುಟ್‌ಬಾಲ್ ಋತು

ಅಲೆಗೇನಿ ಅಥ್ಲೆಟಿಕ್ ಅಸೋಸಿಯೇಷನ್ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಅಲೆಗೇನಿ ನಗರದ (ಈಗ ಪಿಟ್ಸ್‌ಬರ್ಗ್‌ನ ಭಾಗ) ಕ್ರೀಡಾಸಂಘವಾಗಿತ್ತು. ಅಮೆರಿಕನ್ ಫುಟ್‌ಬಾಲ್ ಆಟಗಾರನೊಬ್ಬನಿಗೆ ಬಹಿರಂಗವಾಗಿ ಅಲ್ಲದಿದ್ದರೂ ನಗದು ಸಂಭಾವನೆ ನೀಡಿದ, ಲಿಖಿತ ಆಧಾರವಿರುವ ಮೊದಲ ಪ್ರಸಂಗ ಈ ತಂಡದ 1892ರ ಋತುವಿನಲ್ಲಿ ನಡೆಯಿತು.

ಹಿನ್ನೆಲೆ

ಅಂದಿನ ಕ್ರೀಡಾಸಂಘಗಳು ಹವ್ಯಾಸಿ ನಿಯಮಗಳಿಗೆ ಬದ್ಧವಾಗಿದ್ದು, ಆಟಕ್ಕೆ ಹಣ ಪಡೆಯುವುದು ನಿಷಿದ್ಧವಾಗಿತ್ತು. ಆದರೆ ನೆರೆಯ ಪಿಟ್ಸ್‌ಬರ್ಗ್ ಅಥ್ಲೆಟಿಕ್ ಕ್ಲಬ್‌ನೊಡನೆ ತೀವ್ರ ಪೈಪೋಟಿಯಿತ್ತು. ಅಕ್ಟೋಬರ್‌ನಲ್ಲಿ ಇವೆರಡರ ನಡುವಿನ ಪಂದ್ಯ 6-6ರಲ್ಲಿ ಸಮಬಲವಾಯಿತು.

ನವೆಂಬರ್ 12ರ ಪಂದ್ಯ

ಮರುಪಂದ್ಯಕ್ಕೆ ಅಲೆಗೇನಿ ತಂಡವು ಯೇಲ್ ವಿಶ್ವವಿದ್ಯಾಲಯದ ಹೆಸರಾಂತ ಮಾಜಿ ಆಟಗಾರ ವಿಲಿಯಂ ಹೆಫೆಲ್‌ಫಿಂಗರ್‌ನನ್ನು ಕರೆತಂದಿತು. ಎದುರಾಳಿಗಳು ಪ್ರತಿಭಟಿಸಿದರು. ಎದುರಾಳಿಯ ಕೈಜಾರಿದ ಚೆಂಡನ್ನು ಹಿಡಿದು ಓಡಿ ಆತನು ಗಳಿಸಿದ ಟಚ್‌ಡೌನ್‌ನಿಂದ ತಂಡವು 4-0ರಿಂದ ಗೆದ್ದಿತು. ಆಗ ಟಚ್‌ಡೌನ್‌ಗೆ 4 ಅಂಕಗಳಿದ್ದವು. ಸಂಘದ ಲೆಕ್ಕಪತ್ರದಲ್ಲಿ ಆತನಿಗೆ ಆಟಕ್ಕಾಗಿ 500 ಡಾಲರ್ ನಗದು ಮತ್ತು ವೆಚ್ಚಕ್ಕಾಗಿ 25 ಡಾಲರ್ ನೀಡಿದ ನಮೂದಿದೆ. ಇಷ್ಟು ಖರ್ಚಾದರೂ ಪಂದ್ಯದಿಂದ ಸಂಘಕ್ಕೆ 621 ಡಾಲರ್ ಲಾಭವಾಯಿತು. ಮುಂದಿನ ಪಂದ್ಯಕ್ಕೆ ಬೆನ್ ಡೊನೆಲಿ ಎಂಬ ಆಟಗಾರನಿಗೆ 250 ಡಾಲರ್ ಕೊಡಲಾಯಿತಾದರೂ ತಂಡವು ವಾಷಿಂಗ್ಟನ್ ಅಂಡ್ ಜೆಫರ್ಸನ್ ಕಾಲೇಜಿನ ಎದುರು 8-0ರಿಂದ ಸೋತಿತು.

ಮಹತ್ವ

ಈ ಪಾವತಿಗಳು ದಶಕಗಳ ಕಾಲ ಗುಟ್ಟಾಗಿಯೇ ಉಳಿದವು. 1895ರಲ್ಲಿ ಲಟ್ರೋಬ್ ತಂಡದಿಂದ 10 ಡಾಲರ್ ಪಡೆದ ಜಾನ್ ಬ್ರಾಲಿಯರ್‌ನೇ ಮೊದಲ ವೃತ್ತಿಪರ ಆಟಗಾರನೆಂದು ಭಾವಿಸಲಾಗಿತ್ತು. 1960ರ ದಶಕದಲ್ಲಿ ಬೆಳಕಿಗೆ ಬಂದ ಅಲೆಗೇನಿ ಸಂಘದ ಲೆಕ್ಕಪತ್ರವು ಆ ಭಾವನೆಯನ್ನು ಬದಲಿಸಿತು. ವೃತ್ತಿಪರ ಫುಟ್‌ಬಾಲಿನ 'ಜನನ ಪ್ರಮಾಣಪತ್ರ'ವೆಂದು ಕರೆಯಲಾಗುವ ಈ ಹಾಳೆಯು ಓಹಿಯೋ ರಾಜ್ಯದ ಕ್ಯಾಂಟನ್‌ನಲ್ಲಿರುವ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್ ಸಂಗ್ರಹಾಲಯದಲ್ಲಿದೆ.