ಹಳೆಯ ಸಂಖ್ಯೆ, ಹೊಸ ತೇಪೆ

ಪರೀಕ್ಷೆಯ ಫಲಿತಾಂಶ ನೋಡುವಾಗ, ಬ್ಯಾಂಕಿಗೆ ಹಣ ಕಟ್ಟುವಾಗ ದೂರದಲ್ಲೆಲ್ಲೋ ಕುಳಿತು ಉತ್ತರ ಕೊಡುವ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು. ಇಂಥ ಸರ್ವರುಗಳಲ್ಲಿ ಹೆಚ್ಚಿನವು ಲಿನಕ್ಸ್ ವ್ಯವಸ್ಥೆಯಿಂದ ನಡೆಯುತ್ತವೆ. ಲಿನಕ್ಸನ್ನು ಸಾವಿರಾರು ತಂತ್ರಾಂಶಗಳೊಡನೆ ಹೊಂದಿಸಿ, 'ಪ್ಯಾಕೇಜು'ಗಳೆಂಬ ಕಟ್ಟುಗಳಾಗಿ ಮಾಡಿ ಒದಗಿಸುವ ಡೆಬಿಯನ್, ಉಬುಂಟು, ರೆಡ್ ಹ್ಯಾಟ್ ಮುಂತಾದವನ್ನು ಡಿಸ್ಟ್ರಿಬ್ಯೂಷನ್ ಎನ್ನುತ್ತಾರೆ. ಈ ಕಟ್ಟುಗಳನ್ನು ಆಗಾಗ ಪರಿಷ್ಕರಿಸದಿದ್ದರೆ ಏನಾದೀತು?

2014ರ ಏಪ್ರಿಲ್ 7ರಂದು 'ಹಾರ್ಟ್‌ಬ್ಲೀಡ್' ಎಂಬ ದೋಷ ಬಯಲಾಯಿತು. ಗುಟ್ಟಾಗಿ ಮಾಹಿತಿ ಸಾಗಿಸಲು ನೆರವಾಗುವ 'ಓಪನ್‌ಎಸ್ಎಸ್ಎಲ್' ಎಂಬ ತಂತ್ರಾಂಶದಲ್ಲಿ ಅದು ಎರಡು ವರ್ಷಗಳಿಂದ ಅಡಗಿತ್ತು. ಸಂಪರ್ಕ ಇನ್ನೂ ಇದೆಯೇ ಎಂದು ತಿಳಿಯಲು ಒಂದು ಕಂಪ್ಯೂಟರು ಇನ್ನೊಂದಕ್ಕೆ ಒಂದು ಪದ ಕಳಿಸಿ, ಅದರ ಉದ್ದವನ್ನೂ ಹೇಳುತ್ತದೆ; ಸರ್ವರ್ ಅದೇ ಪದವನ್ನು ಮರಳಿ ಕಳಿಸಬೇಕು. ಆದರೆ ಮೂರಕ್ಷರದ ಪದ ಕಳಿಸಿ 'ಅರವತ್ತು ಸಾವಿರ ಅಕ್ಷರ' ಎಂದು ಸುಳ್ಳು ಹೇಳಿದರೂ ಸರ್ವರ್ ಎಣಿಸಿ ನೋಡುತ್ತಿರಲಿಲ್ಲ. ತನ್ನ ಸ್ಮರಣಕೋಶದಲ್ಲಿ ಆ ಪದದ ಪಕ್ಕಕ್ಕಿದ್ದುದನ್ನೆಲ್ಲ ಬಾಚಿ ಕೊಡುತ್ತಿತ್ತು. ಅದರಲ್ಲಿ ಯಾರದೋ ಗುಪ್ತಪದವೂ ಇರಬಹುದು, ಸರ್ವರಿನ ರಹಸ್ಯ ಕೀಲಿಯೂ ಇರಬಹುದು. ಕದ್ದದ್ದಕ್ಕೆ ದಾಖಲೆಯೂ ಉಳಿಯುತ್ತಿರಲಿಲ್ಲ!

ದೋಷ ತಿದ್ದಿದ ಆವೃತ್ತಿಯ ಸಂಖ್ಯೆ 1.0.1ಜಿ. ಆದರೆ ಡೆಬಿಯನ್ 7 ಬಳಸುತ್ತಿದ್ದವರು ಪರಿಷ್ಕರಿಸಿದ ಮೇಲೂ ಅವರಿಗೆ ಕಂಡದ್ದು ಹಳೆಯ 1.0.1ಇ ಎಂಬುದೇ. ಹಾಗಾದರೆ ತಿದ್ದುಪಡಿ ಬರಲಿಲ್ಲವೇ? ಬಂದಿತ್ತು. ಸಂಖ್ಯೆಯ ಕೊನೆಗೆ ಸೇರಿಸಿದ ಡೆಬಿಯನ್ನಿನ ಸ್ವಂತ ಗುರುತಿನಲ್ಲಷ್ಟೇ ಅದು ಕಾಣುತ್ತಿತ್ತು.

ಪಠ್ಯಪುಸ್ತಕದಲ್ಲಿ ಒಂದು ಸೂತ್ರ ತಪ್ಪಾಗಿ ಅಚ್ಚಾದರೆ ಶಾಲೆಯವರು ಏನು ಮಾಡುತ್ತಾರೆ? ವರ್ಷದ ನಡುವೆ ಹೊಸ ಮುದ್ರಣ ತರಿಸಿದರೆ ಪುಟಸಂಖ್ಯೆ, ಅಭ್ಯಾಸದ ಲೆಕ್ಕ ಎಲ್ಲ ಏರುಪೇರಾಗುತ್ತದೆ. ಆದ್ದರಿಂದ ತಪ್ಪಿದ್ದ ಕಡೆ ಸರಿಯಾದ ಸೂತ್ರದ ಚೀಟಿ ಅಂಟಿಸುತ್ತಾರೆ. ಡಿಸ್ಟ್ರಿಬ್ಯೂಷನ್ನಿನವರೂ ಅಷ್ಟೇ: ಹೊಸ ಆವೃತ್ತಿಯಿಂದ ತಿದ್ದುಪಡಿಯನ್ನು ಮಾತ್ರ ತೆಗೆದು ಹಳೆಯದಕ್ಕೆ ತೇಪೆ ಹಾಕುತ್ತಾರೆ. ಅದನ್ನು ನೆಚ್ಚಿಕೊಂಡ ಬೇರೆ ತಂತ್ರಾಂಶಗಳು ಕೆಡುವ ಭಯ ಕಡಿಮೆ.

ತೇಪೆ ಬಂದರೆ ಸಾಲದು, ಅದು ಕೆಲಸಕ್ಕೂ ಇಳಿಯಬೇಕು. ಡೆಬಿಯನ್, ಉಬುಂಟುಗಳಲ್ಲಿ 'ಆಪ್ಟ್ ಅಪ್‌ಡೇಟ್' ಎಂಬ ಆದೇಶ ಲಭ್ಯವಿರುವ ಪ್ಯಾಕೇಜುಗಳ ಪಟ್ಟಿಯನ್ನಷ್ಟೇ ತರುತ್ತದೆ. ಅಳವಡಿಸುವುದು 'ಆಪ್ಟ್ ಅಪ್‌ಗ್ರೇಡ್'. ಕಲಿಯುವ ಹುಡುಗರು ಎಡವುವುದು ಇಲ್ಲೇ. ಇಷ್ಟಾದರೂ ಓಡುತ್ತಿರುವ ಸರ್ವರ್ ತಂತ್ರಾಂಶ ಹಳೆಯ ಪ್ರತಿಯನ್ನೇ ಸ್ಮರಣೆಯಲ್ಲಿ ಇಟ್ಟುಕೊಂಡಿರುತ್ತದೆ. ಅದನ್ನು ನಿಲ್ಲಿಸಿ ಮತ್ತೆ ಆರಂಭಿಸಬೇಕು. ಹಾರ್ಟ್‌ಬ್ಲೀಡ್ ಸಮಯದಲ್ಲಂತೂ ರಹಸ್ಯ ಕೀಲಿಗಳನ್ನೂ ಬದಲಿಸಬೇಕಾಯಿತು.

ಹೊಸದೆಲ್ಲ ಒಳ್ಳೆಯದು ಎಂಬ ಅಂಗಡಿಯ ಮಾತು ಸರ್ವರುಗಳಿಗೆ ಹೊಂದದು. 2024ರಲ್ಲಿ 'ಎಕ್ಸ್‌ಜಡ್' ಎಂಬ, ಕಡತಗಳನ್ನು ಕುಗ್ಗಿಸುವ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದನ್ನು ಬೇಕೆಂದೇ ಇಡಲಾಗಿತ್ತು. ಇಟ್ಟಾತ ಎರಡು ವರ್ಷ ಸಹಾಯಕನಂತೆ ದುಡಿದು ನಂಬಿಕೆ ಗಳಿಸಿದ್ದ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರಿಗೆ ಕಂಪ್ಯೂಟರಿನೊಳಗೆ ಪ್ರವೇಶ ಪಡೆಯಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆ ಎನಿಸಿತು. ಕಾರಣ ಹುಡುಕುತ್ತ ಹೋದಾಗ ಕಳ್ಳಬಾಗಿಲು ಸಿಕ್ಕಿತು. ಅಷ್ಟರಲ್ಲಿ ಅದು ಡೆಬಿಯನ್ನಿನ ಪರೀಕ್ಷಾ ಹಂತದ ಆವೃತ್ತಿಗಳನ್ನು ಹೊಕ್ಕಿತ್ತು. 5.4.1ರಲ್ಲೇ ನಿಂತಿದ್ದ ಸ್ಥಿರ ಆವೃತ್ತಿ, ಡೆಬಿಯನ್ 12ಕ್ಕೆ, ಏನೂ ಆಗಲಿಲ್ಲ.